ಡಯಾಲಿಸಿಸ್ ಕುರ್ಚಿಯಲ್ಲೇ ಪೆಡಲ್: ನನ್ನ ಅನುಭವ

ಡಯಾಲಿಸಿಸ್‌ಗೆ ಸೂಜಿ ಹಾಕಿಸಿಕೊಂಡು ಕೂತ ರೋಗಿಗಳಿಂದ ವ್ಯಾಯಾಮಕ್ಕೆಂದು ಪೆಡಲ್ ತುಳಿಸುವುದು ಆಗದ ಕೆಲಸ ಎಂದವರೇ ಹೆಚ್ಚು. ಈಗ ನಮ್ಮಲ್ಲಿ ಹತ್ತು ಜನರಲ್ಲಿ ಆರೇಳು ಮಂದಿ ತುಳಿಯುತ್ತಾರೆ, ಅದೂ ತಾವೇ ಕೇಳಿ.

ದಾರಿ ತೋರಿಸಿದ್ದು ಸಮಯ. ಮೊದಲು ಡಯಾಲಿಸಿಸ್‌ನ ಮೂರನೇ ಗಂಟೆಯಲ್ಲಿ ಶುರು ಮಾಡಿಸುತ್ತಿದ್ದೆ. ಅಷ್ಟರಲ್ಲಿ ಮೈಯಲ್ಲಿ ತುಂಬಿದ ಹೆಚ್ಚಿನ ನೀರನ್ನು ಯಂತ್ರ ಬಹುಪಾಲು ತೆಗೆದಾಗಿರುತ್ತದೆ. ಬಿಪಿ ದಡಕ್ಕನೆ ಇಳಿಯುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಈಗ ಯಂತ್ರ ಶುರುವಾದ ಅರ್ಧ ಗಂಟೆಗೆ ಆರಂಭಿಸಿ, ಎರಡನೇ ಗಂಟೆಯೊಳಗೆ ಮುಗಿಸುತ್ತೇನೆ. ಮೊದಲ ವಾರ ಭಾರವಿಲ್ಲದೆ 10 ನಿಮಿಷ, ಆಮೇಲೆ ವಾರಕ್ಕೆ ಎರಡು ಮೂರು ನಿಮಿಷ ಹೆಚ್ಚು. 30 ನಿಮಿಷ ಮುಟ್ಟಿದ ಮೇಲೆಯೇ ಪೆಡಲ್ ಭಾರವಾಗಿಸುವ ತಿರುಪು ಬಿಗಿ. ಎಷ್ಟು ಶ್ರಮ ಅನಿಸುತ್ತದೆ ಎಂದು ರೋಗಿಯೇ 6ರಿಂದ 20ರೊಳಗೆ ಹೇಳುವ ಬೋರ್ಗ್ ಅಳತೆಯಲ್ಲಿ 11ರಿಂದ 13 ಸಾಕು. ನಾಡಿಯನ್ನು ನೆಚ್ಚಿಕೊಳ್ಳಬೇಡಿ, ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಮಾತ್ರೆ) ತಗೊಳ್ಳುವವರಲ್ಲಿ ಅದು ಸರಿಯಾಗಿ ಏರುವುದಿಲ್ಲ. ಬಿಪಿ ಹತ್ತು ನಿಮಿಷಕ್ಕೊಮ್ಮೆ, ಫಿಸ್ಟುಲಾ (ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಇಲ್ಲದ ಕೈಯಲ್ಲಿ. ಮೇಲಿನ ಬಿಪಿ 180 ದಾಟಿದ್ದರೆ, 100ಕ್ಕಿಂತ ಕೆಳಗಿದ್ದರೆ, ಹಿಂದಿನ ಸರದಿ ತಪ್ಪಿಸಿದ್ದರೆ, ಜ್ವರ ಅಥವಾ ಎದೆನೋವಿದ್ದರೆ ಆ ದಿನ ಬೇಡ. ತೊಡೆಸಂದಿಯಲ್ಲಿ ಕ್ಯಾಥೆಟರ್ (ಡಯಾಲಿಸಿಸ್‌ಗೆ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವವರಿಗೆ ಪೆಡಲ್ ಬೇಡವೇ ಬೇಡ.

ದುಡ್ಡು ಕಳೆದದ್ದು ಮೋಟಾರಿನ ದೊಡ್ಡ ಸೈಕಲ್‌ನಲ್ಲಿ. ಹಾಸಿಗೆಯಿಂದ ಹಾಸಿಗೆಗೆ ಎಳೆಯುವ ಹೊತ್ತು ವ್ಯಾಯಾಮಕ್ಕಿಂತ ಹೆಚ್ಚಾಯಿತು. ಆ ಬೆಲೆಗೆ ಏಳೆಂಟು ಸಣ್ಣ ಪೆಡಲ್ ಸ್ಟ್ಯಾಂಡ್ ಬರುತ್ತಿದ್ದವು. ಆದರೆ ಸಣ್ಣವು ಮುಂದಕ್ಕೆ ಜಾರುತ್ತವೆ. ಅದರ ಹಿಂದೆ ರೋಗಿಯೂ ಜಾರಿ, ಸೂಜಿಯ ಕೈ ಎಳೆದು, ಯಂತ್ರದ ವೀನಸ್ ಪ್ರೆಶರ್ (ರಕ್ತ ಮೈಗೆ ಮರಳುವ ಕೊಳವೆಯ ಒತ್ತಡ) ಅಲಾರಂ ಹೊಡೆಯುತ್ತದೆ. ಕೆಳಗೆ ರಬ್ಬರ್ ಹಾಸಿದರೂ ನಿಲ್ಲಲಿಲ್ಲ. ಕೊನೆಗೆ ಪಟ್ಟಿಯಿಂದ ಕುರ್ಚಿಗೇ ಬಿಗಿದೆ. ಎಲ್ಲಿಂದ ಎಲ್ಲಿಗೆ ಎಂಬುದು ನನ್ನ ಕೈಗುಟ್ಟು, ನಿಮ್ಮ ಕುರ್ಚಿ ನೋಡಿ ನೀವೇ ಹುಡುಕಿಕೊಳ್ಳಿ. ಇನ್ನೊಂದು: ತುಳಿಯುತ್ತಾ ತಿರುಪು ಬಿಸಿಯಾಗಿ ಬಿಗಿ ಸಡಿಲವಾಗುತ್ತದೆ. ‘ಇವತ್ತು ಹಗುರ’ ಎಂದರೆ ಮೊದಲು ತಿರುಪು ಮುಟ್ಟಿ ನೋಡಿ.

ಪೆಡಲ್ ಒಲ್ಲದವರಿಗೆ ಅರ್ಧ ಕಿಲೋ ಭಾರ ಕಾಲಿಗೆ ಕಟ್ಟಿ, ಕೂತಲ್ಲೇ ಮಂಡಿ ನೇರ ಮಾಡಿಸಿದೆ, ಹತ್ತರಂತೆ ಎರಡು ಸಲ. ವಯಸ್ಸಾದವರಿಗೆ ಇದೇ ಹೆಚ್ಚು ಒಗ್ಗಿತು. ಡಯಾಲಿಸಿಸ್ ಮುಗಿದ ಮೇಲೆ ನಡೆಸುವುದನ್ನೂ ನೋಡಿದೆ. ತಲೆಸುತ್ತು ಕಂಡು ಕೈಬಿಟ್ಟೆ. ಫಿಸ್ಟುಲಾ ಕೈಗೆ ಹೇಳುವ ಚೆಂಡು ಹಿಸುಕುವುದು ಮನೆಯಲ್ಲಿ, ಸೂಜಿ ಇರುವಾಗ ಅಲ್ಲ.

ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂಬುದೇ ನನ್ನ ಅಳತೆ. ಮೂರು ತಿಂಗಳಲ್ಲಿ ಸುಮಾರು 14 ಇದ್ದದ್ದು 20ರ ಹತ್ತಿರ ಬಂತು. ಡಯಾಲಿಸಿಸ್ ಇಲ್ಲದ ಎರಡು ದಿನದ ಬಿಡುವಾದ ಮೇಲೆ ಎಣಿಸಿದರೆ ಮೈಯಲ್ಲಿ ನೀರು ತುಂಬಿ ಲೆಕ್ಕ ತಪ್ಪುತ್ತದೆ. ವಾರದ ನಡುವಿನ ಸರದಿಗೆ ಮುಂಚೆ ಎಣಿಸಿ.