ಕಮ್ಯುನಿಟಿ ಕಾಲೇಜಿಗೆ ಸೇರುವ ಮೊದಲು ಕೋರ್ಸ್ ನಂಬರ್ ಓದಲು ಕಲಿಯಿರಿ

ಹ್ಯೂಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಒಂದೇ ಎಡವಟ್ಟನ್ನು ನಾಲ್ಕೈದು ಸಲ ನೋಡಿದ್ದೇನೆ. ಊರಿನಿಂದ ಬಂದ ಮಗನೋ ತಮ್ಮನೋ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜಾದ ಕಮ್ಯುನಿಟಿ ಕಾಲೇಜಿನಲ್ಲಿ ಪ್ರೋಸೆಸ್ ಟೆಕ್ನಾಲಜಿಗೆ ಸೇರುತ್ತಾನೆ. ಮನೆಯವರ ಲೆಕ್ಕಾಚಾರ ಸರಳ: ಇದೂ ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಇದ್ದ ಹಾಗೆ, ಡಿಸಿಇಟಿ ಬರೆದವರು ಬಿ.ಇ. ಎರಡನೇ ವರ್ಷಕ್ಕೆ ಹೋಗುತ್ತಾರಲ್ಲ, ಹಾಗೇ ಇವನೂ ಕೆಮಿಕಲ್ ಎಂಜಿನಿಯರಿಂಗಿಗೆ ಹೋಗುತ್ತಾನೆ. ಎರಡು ವರ್ಷ ಕಳೆದು ಯೂನಿವರ್ಸಿಟಿಯವರು ಅವನ 60 ಕ್ರೆಡಿಟ್‌ನಲ್ಲಿ ಹದಿನೈದೋ ಇಪ್ಪತ್ತೋ ಮಾತ್ರ ಎಣಿಸಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಹಂತ 1: ಕೆಲಸವೋ, ಡಿಗ್ರಿಯೋ?

ಪ್ರೋಸೆಸ್ ಟೆಕ್ನಾಲಜಿ ಓದಿದವರು ಆಪರೇಟರ್ ಆಗುತ್ತಾರೆ. ರಿಫೈನರಿಯ ಪಂಪು, ವಾಲ್ವು, ಡಿಸ್ಟಿಲೇಶನ್ ಟವರ್‌ಗಳ ಮೇಲೆ ಕಣ್ಣಿಡುವುದು, ಸ್ಯಾಂಪಲ್ ತೆಗೆಯುವುದು, ಕಂಟ್ರೋಲ್ ರೂಮಿನಲ್ಲಿ ಕೂತು ಸ್ಥಾವರ ನಡೆಸುವುದು, ಹೆಚ್ಚಾಗಿ 12 ಗಂಟೆಯ ಪಾಳಿಯಲ್ಲಿ. ಬೇಟೌನಿನ ಲೀ ಕಾಲೇಜು, ಪ್ಯಾಸಡೀನಾದ ಸ್ಯಾನ್ ಜಸಿಂಟೊ, ಟೆಕ್ಸಸ್ ಸಿಟಿಯ ಕಾಲೇಜ್ ಆಫ್ ದ ಮೇನ್‌ಲ್ಯಾಂಡ್, ಲೇಕ್ ಜಾಕ್ಸನ್ನಿನ ಬ್ರೆಜೋಸ್‌ಪೋರ್ಟ್ ಎಲ್ಲವೂ ಕಾರ್ಖಾನೆಗಳ ಮಗ್ಗುಲಲ್ಲೇ ಇವೆ. ಎಂಜಿನಿಯರ್ ಅಲ್ಲ ಎಂದು ಮೂಗು ಮುರಿಯಬೇಡಿ, ಮರ್ಯಾದೆಯ ಕೆಲಸ. ಆದರೆ ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಯ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವುದು) ಇರುವವರು ನೆನಪಿಡಿ: ಓದಲು ಅಡ್ಡಿಯಿಲ್ಲ, ವರ್ಕ್ ಪರ್ಮಿಟ್ ಇಲ್ಲದೆ ದುಡಿಯುವಂತಿಲ್ಲ. ಮಕ್ಕಳಿಗೆ 21 ತುಂಬಿದರೆ ಆ ವೀಸಾವೇ ಇಲ್ಲ.

ಹಂತ 2: ಅಕ್ಷರ ಮತ್ತು ಅಂಕಿ

ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಮೊದಲು ಪದವಿಯ ಹೆಸರು ನೋಡಿ. ಎ.ಎ.ಎಸ್. ಅಂದರೆ ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್, ಕೆಲಸಕ್ಕಾಗಿ ಮಾಡಿದ್ದು. ಎ.ಎಸ್. ಅಂದರೆ ಅಸೋಸಿಯೇಟ್ ಆಫ್ ಸೈನ್ಸ್, ಯೂನಿವರ್ಸಿಟಿಗೆ ಮುಂದುವರಿಯುವವರದು. ನಡುವಿನ 'ಅಪ್ಲೈಡ್' ಎಂಬ ಒಂದು ಪದವನ್ನು ಗಮನಿಸದೆ ಎರಡು ವರ್ಷ ಕಳೆದುಕೊಂಡವರಿದ್ದಾರೆ. ಎ.ಎ.ಎಸ್. ಮುಗಿಸಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಪ್ಲೈಡ್ ಪದವಿ ಕೊಡುವ ಯೂನಿವರ್ಸಿಟಿಗಳು ಸೇರಿಸಿಕೊಳ್ಳುತ್ತವೆ, ಆದರೆ ಅದು ಎಂಜಿನಿಯರಿಂಗ್ ಅಲ್ಲ.

ಆಮೇಲೆ ಕೋರ್ಸಿನ ನಂಬರ್. ಟೆಕ್ಸಸ್ಸಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. ಮೊದಲ ಅಂಕಿ ವರ್ಷ, ಎರಡನೆಯದು ಕ್ರೆಡಿಟ್. ಪಿಟಿಎಸಿ 1302 ಅಂದರೆ ಮೊದಲ ವರ್ಷದ ಮೂರು ಕ್ರೆಡಿಟ್‌ನ ಪ್ರೋಸೆಸ್ ಟೆಕ್ನಾಲಜಿ ಪರಿಚಯ. ಪಿಟಿಎಸಿ 2420 ಎರಡನೇ ವರ್ಷದ್ದು, ನಾಲ್ಕು ಕ್ರೆಡಿಟ್. ಪಿಟಿಎಸಿ ಅಂತ ಶುರುವಾಗುವ ಯಾವುದನ್ನೂ ಕೆಮಿಕಲ್ ಎಂಜಿನಿಯರಿಂಗ್ ವಿಭಾಗ ಒಪ್ಪುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಕಂಪ್ಯೂಟರಿನಲ್ಲಿ ಮೋಸ ಇನ್ನೂ ನಯ. ಐಟಿಎಸ್‌ಇ ಎಂಬ ಅಕ್ಷರದಡಿಯಲ್ಲೂ ಪ್ರೋಗ್ರಾಮಿಂಗ್ ಇದೆ, ಸಿಒಎಸ್‌ಸಿ 1436ರಲ್ಲೂ ಇದೆ. ಎರಡರಲ್ಲೂ ಅದೇ ಲೂಪು, ಅದೇ ಅರೇ. ಮೊದಲನೆಯದು ಕೆಲಸದ ಸಾಲಿನದು, ಎರಡನೆಯದು ಯೂನಿವರ್ಸಿಟಿಗೆ ವರ್ಗವಾಗುವ ಸಾಲಿನದು. ಬಿ.ಎಸ್. ಮಾಡುವ ಮನಸ್ಸಿದ್ದರೆ ಸಿಒಎಸ್‌ಸಿ ಬಿಟ್ಟು ಬೇರೆ ಮುಟ್ಟಬೇಡಿ.

ಇಲ್ಲಿ ಡಿಸಿಇಟಿಯಂಥ ಒಂದೇ ಪರೀಕ್ಷೆ, ಒಂದೇ ಜಿಗಿತ ಇಲ್ಲ. ಒಂದೊಂದು ಕೋರ್ಸನ್ನೂ ಯೂನಿವರ್ಸಿಟಿ ಬೇರೆಬೇರೆಯಾಗಿ ತೂಗುತ್ತದೆ. 42 ಕ್ರೆಡಿಟ್‌ನ 'ಕೋರ್', ಅಂದರೆ ಎಲ್ಲರೂ ಓದಬೇಕಾದ ಇಂಗ್ಲಿಷ್, ಗಣಿತ, ಇತಿಹಾಸದಂಥ ಸಾಮಾನ್ಯ ವಿಷಯಗಳನ್ನು ಪೂರ್ತಿ ಮುಗಿಸಿದರೆ ಅದನ್ನು ಟೆಕ್ಸಸ್ಸಿನ ಸರ್ಕಾರಿ ಯೂನಿವರ್ಸಿಟಿಗಳು ಒಪ್ಪಲೇಬೇಕು. ಉಳಿದದ್ದಕ್ಕೆ, ಸೇರಬೇಕೆಂದಿರುವ ಯೂನಿವರ್ಸಿಟಿಯ ವರ್ಗಾವಣೆ ಪಟ್ಟಿಯನ್ನು ಮೊದಲೇ ಮುದ್ರಿಸಿಕೊಂಡು ಕಾಲೇಜಿನ ಸಲಹೆಗಾರರ ಮುಂದೆ ಇಡಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದುಡ್ಡು ತೆಗೆದುಕೊಂಡು 'ಪ್ಲಾನ್' ಬರೆದುಕೊಡುವವರ ಹತ್ತಿರ ಹೋಗಬೇಡಿ. ಸಲಹೆಗಾರರು ಅದನ್ನು ಪುಕ್ಕಟೆ ಮಾಡಿಕೊಡುತ್ತಾರೆ.

ಹಂತ 3: ಗಣಿತದ ಮೆಟ್ಟಿಲು

ಟಿಎಸ್‌ಐ ಎಂಬ ಪ್ರವೇಶಮಟ್ಟದ ಪರೀಕ್ಷೆಯನ್ನು 'ಫೇಲ್ ಆಗುವ ಪರೀಕ್ಷೆ ಅಲ್ಲವಲ್ಲ' ಎಂದು ನಮ್ಮ ಹುಡುಗರು ತಯಾರಿಯಿಲ್ಲದೆ ಬರೆಯುತ್ತಾರೆ. ಪಿಯುಸಿಯಲ್ಲಿ ಕ್ಯಾಲ್ಕುಲಸ್ ಮಾಡಿದವನೂ ಭಿನ್ನರಾಶಿ ಮರೆತಿದ್ದರೆ ಕೆಳಗಿನ ಮೆಟ್ಟಿಲಿನಲ್ಲಿ ಕೂರುತ್ತಾನೆ. ಎಂಜಿನಿಯರಿಂಗಿಗೆ ಹೋಗುವವನಿಗೆ ಇದರ ಬೆಲೆ ದೊಡ್ಡದು: ಮ್ಯಾಥ್ 1314 ಆಲ್ಜಿಬ್ರಾ, ಆಮೇಲೆ 2412 ಪ್ರೀಕ್ಯಾಲ್ಕುಲಸ್, ಆಮೇಲಷ್ಟೇ 2413 ಕ್ಯಾಲ್ಕುಲಸ್. ಒಂದರ ಬೆನ್ನಿಗೆ ಒಂದು, ಒಟ್ಟಿಗೆ ಮಾಡುವ ಹಾಗಿಲ್ಲ. ಬೇಸಿಗೆ ತರಗತಿ ಹಿಡಿಯದಿದ್ದರೆ ಕ್ಯಾಲ್ಕುಲಸ್ ಮುಟ್ಟುವಷ್ಟರಲ್ಲಿ ಒಂದು ವರ್ಷ ಹೋಯಿತು. ಭೌತಶಾಸ್ತ್ರ ಕ್ಯಾಲ್ಕುಲಸ್‌ಗೆ ಕಾಯುತ್ತದೆ, ಎಂಜಿನಿಯರಿಂಗ್ ಕೋರ್ಸುಗಳು ಭೌತಶಾಸ್ತ್ರಕ್ಕೆ. ಎರಡು ವರ್ಷದ ಓದು ಮೂರಾಗುವುದು ಹೀಗೆ. ಎರಡು ವಾರ ಕೂತು ಹಳೆಯ ಬೀಜಗಣಿತ ತಿರುವಿ ಹಾಕಿ. ಪರೀಕ್ಷೆಗೆಂದು ದುಬಾರಿ ಕ್ಯಾಲ್ಕುಲೇಟರ್ ಕೊಳ್ಳಬೇಡಿ, ಒಳಗೆ ಬಿಡುವುದಿಲ್ಲ. ಬೇಕಾದ ಪ್ರಶ್ನೆಗೆ ಪರದೆಯ ಮೇಲೇ ಒಂದು ಬರುತ್ತದೆ.

ಊರಿನ ಅಂಕಪಟ್ಟಿಯ ಕ್ರೆಡಿಟ್ ಬೇಕಿದ್ದರೆ ವಿದೇಶಿ ಅಂಕಪಟ್ಟಿ ತೂಗಿಕೊಡುವ ಸಂಸ್ಥೆಯಿಂದ ಕೋರ್ಸುವಾರು ಮೌಲ್ಯಮಾಪನವನ್ನೇ ಕೇಳಿ. ಅಗ್ಗದ ಸಾರಾಂಶ ವರದಿಯಿಂದ ಪ್ರಯೋಜನವಿಲ್ಲ.

ಹಂತ 4: ಅರ್ಜಿ

ಅರ್ಜಿ ಆನ್‌ಲೈನ್, ಅರ್ಧ ಗಂಟೆಯ ಕೆಲಸ. ಶುಲ್ಕ ಕಡಿಮೆಯಾಗಲು ರಾಜ್ಯದಲ್ಲಿ 12 ತಿಂಗಳು ವಾಸವಿದ್ದುದಕ್ಕೆ ದಾಖಲೆ ಬೇಕು, ಕಾಲೇಜಿನ ತೆರಿಗೆ ವ್ಯಾಪ್ತಿಯೊಳಗೆ ಮನೆ ಇದ್ದರೆ ಇನ್ನೂ ಕಡಿಮೆ. 22 ವರ್ಷದೊಳಗಿನವರಿಗೆ ಮೆನಿಂಜೈಟಿಸ್ ಲಸಿಕೆ ತರಗತಿ ಶುರುವಾಗುವ 10 ದಿನ ಮೊದಲೇ ಆಗಿರಬೇಕು. ಕೊನೇ ವಾರ ಕ್ಲಿನಿಕ್ಕಿಗೆ ಓಡಬೇಡಿ.

ಹಂತ 5: ತರಗತಿ ಆರಿಸುವಾಗ

ಇನ್‌ಸ್ಟ್ರುಮೆಂಟೇಶನ್ (ಸ್ಥಾವರದ ಅಳತೆ ಉಪಕರಣಗಳ ಕೋರ್ಸು) ಅನ್ನು ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಡಿ, ಸುಲಭ ಅಂತ ಯಾರು ಹೇಳಿದರೂ ಸರಿ. 2005ರ ಮಾರ್ಚ್ 23ರಂದು ಟೆಕ್ಸಸ್ ಸಿಟಿಯ ರಿಫೈನರಿಯಲ್ಲಿ ಟವರ್ ಉಕ್ಕುವಷ್ಟು ತುಂಬುತ್ತಿದ್ದಾಗ ಮಟ್ಟ ತೋರಿಸುವ ಉಪಕರಣ ಇಳಿಯುತ್ತಿದೆ ಎಂದೇ ತೋರಿಸುತ್ತಿತ್ತು. ಸ್ಫೋಟದಲ್ಲಿ 15 ಜನ ಸತ್ತರು. ಮೀಟರ್ ಸುಳ್ಳು ಹೇಳುತ್ತಿದೆ ಎಂಬ ಅನುಮಾನ ಬರಬೇಕಾದರೆ ಪೈಪು, ವಾಲ್ವುಗಳನ್ನು ಕೈಯಿಂದ ಮುಟ್ಟಿರಬೇಕು. ಗ್ಲೈಕಾಲ್ ಮತ್ತು ನೀರನ್ನು ಬೇರ್ಪಡಿಸುವ ಪುಟ್ಟ ಸ್ಥಾವರವಿರುವ ಕಾಲೇಜು ಸಿಕ್ಕರೆ ಹತ್ತು ಮೈಲಿ ಹೆಚ್ಚಾದರೂ ಅಲ್ಲಿಗೇ ಹೋಗಿ.

ಪುಸ್ತಕ ಹಳೆಯದು ಸಾಕು, ಆದರೆ ಮನೆಗೆಲಸಕ್ಕೆ ಆನ್‌ಲೈನ್ ಕೋಡ್ ಬೇಕಾ ಎಂದು ಮೊದಲು ಕೇಳಿ. ಬಳಸಿದ ಕೋಡಿನ ಪುಸ್ತಕ ಕೊಂಡರೆ ದುಡ್ಡು ಎರಡು ಸಲ ಹೋಗುತ್ತದೆ.

ಕೋರ್ಸು ಕೈಗೆ ಹತ್ತುತ್ತಿಲ್ಲ ಅನ್ನಿಸಿದರೆ ಸೆಮಿಸ್ಟರಿನಲ್ಲಿ ಕಾಲೇಜು ನಡೆಯುವ 12ನೇ ದಿನದೊಳಗೆ ಬಿಡಿ, ದಾಖಲೆಯಲ್ಲಿ ಉಳಿಯುವುದಿಲ್ಲ. ಆಮೇಲೆ ಬಿಟ್ಟದ್ದು ಲೆಕ್ಕಕ್ಕೆ ಬರುತ್ತದೆ. ಟೆಕ್ಸಸ್ಸಿನ ಸರ್ಕಾರಿ ಕಾಲೇಜುಗಳಲ್ಲಿ ಇಡೀ ಪದವಿಗೆ ಹಾಗೆ ಬಿಡಬಹುದಾದದ್ದು ಆರೇ ಆರು ಕೋರ್ಸು. ನಮ್ಮ ಪರಿಚಯದ ಹುಡುಗನೊಬ್ಬ ಮೊದಲ ವರ್ಷದಲ್ಲೇ ನಾಲ್ಕು ಬಿಟ್ಟಿದ್ದ.