ಸಂಗಾತಿಯ ಮಿದುಳಿಗೆ ಆಪರೇಷನ್: ಜೊತೆಗಿರುವವರು ಏನೇನು ಮಾಡಬೇಕು?

ಮಿದುಳಿನಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಅವರು ಆಡುವ ಮಿಕ್ಕ ಮಾತು ಗಂಡ ಹೆಂಡತಿ ಇಬ್ಬರ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಅದಕ್ಕೇ ಮೊದಲು ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ಇನ್ನು ಮುಂದೆ ಡಾಕ್ಟರ ಕೋಣೆಗೆ ಹೋದಾಗಲೆಲ್ಲ ಅದು ನಿಮ್ಮ ಕೈಯಲ್ಲಿರಲಿ.

ನನ್ನ ಯಜಮಾನರಿಗೆ ಎಡಗಡೆ ಹಣೆಯ ಹಿಂದೆ ಮೆನಿಂಜಿಯೋಮ ಎಂಬ ಗಡ್ಡೆ ಇತ್ತು. ಆಪರೇಷನ್ ಆಗಿದ್ದು ಬೆಂಗಳೂರಿನಲ್ಲಿ, ಚೇತರಿಸಿಕೊಂಡಿದ್ದು ಶಿವಮೊಗ್ಗದ ನಮ್ಮ ಮನೆಯಲ್ಲಿ. ಧೈರ್ಯ ಹೇಳುವವರು ಎಷ್ಟೋ ಜನ ಸಿಕ್ಕರು. ಆದರೆ ಯಜಮಾನರು ಮೊದಲು ಹೇಗೆ ಮಾತಾಡುತ್ತಿದ್ದರು, ಎಷ್ಟು ಬೇಗ ಸಿಟ್ಟಾಗುತ್ತಿದ್ದರು, ಯಾವ ಕಾಲು ಮುಂದಿಟ್ಟು ಮೆಟ್ಟಿಲು ಹತ್ತುತ್ತಿದ್ದರು ಎಂಬುದು ಗೊತ್ತಿದ್ದದ್ದು ನನಗೊಬ್ಬಳಿಗೇ. ಸರ್ಜನ್ ರೋಗಿಯನ್ನು ನೋಡುವುದು ದಿನಕ್ಕೆ ಕೆಲವು ನಿಮಿಷ. ಏನು ಬದಲಾಗಿದೆ ಎಂದು ಅವರಿಗೆ ಹೇಳಬೇಕಾದವರು ನೀವು. ಮುಂದೆ ಬರೆದಿರುವುದೆಲ್ಲ ಆ ಕೆಲಸಕ್ಕೆ ನೆರವಾಗಲಿ ಎಂದೇ.

1. ಗಡ್ಡೆಯ ಹೆಸರು, ಜಾಗ ಬರೆದುಕೊಳ್ಳಿ

‘ಬ್ರೇನ್ ಟ್ಯೂಮರ್’ ಒಂದೇ ಕಾಯಿಲೆಯಲ್ಲ. ಮೆನಿಂಜಿಯೋಮ ಮಿದುಳಿನ ಹೊರಪೊರೆಯಿಂದ ಹುಟ್ಟುತ್ತದೆ. ಬಹುಪಾಲು ಮೆನಿಂಜಿಯೋಮಗಳು ಕ್ಯಾನ್ಸರ್ ಅಲ್ಲ. ಗ್ಲಯೋಮ ಮಿದುಳಿನ ಒಳಗಿನ ಜೀವಕೋಶಗಳಿಂದಲೇ ಹುಟ್ಟುವಂಥದ್ದು. ಅದರಲ್ಲಿ ನಿಧಾನವಾಗಿ ಬೆಳೆಯುವುದೂ ಇದೆ, ಗ್ಲಯೋಬ್ಲಾಸ್ಟೋಮದಂತೆ ವೇಗವಾಗಿ ಬೆಳೆಯುವುದೂ ಇದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 1ರಿಂದ 4ರವರೆಗೆ ಗ್ರೇಡ್ ಇರುತ್ತದೆ, ಅಂಕೆ ಏರಿದಷ್ಟೂ ಗಡ್ಡೆ ಉಗ್ರ. ಖಚಿತ ಗ್ರೇಡ್ ಗೊತ್ತಾಗುವುದು ಬಯಾಪ್ಸಿ, ಅಂದರೆ ಗಡ್ಡೆಯ ತುಣುಕಿನ ಪರೀಕ್ಷೆಯ ವರದಿ ಬಂದ ಮೇಲೆ.

ಡಾಕ್ಟರಿಗೆ ಕೇಳಿ: ಗಡ್ಡೆ ಯಾವ ಭಾಗದಲ್ಲಿದೆ? ಆ ಭಾಗ ಏನು ಕೆಲಸ ಮಾಡುತ್ತದೆ? ಪೂರ್ತಿ ತೆಗೆಯಲು ಆಗುತ್ತದೆಯೇ, ಸ್ವಲ್ಪ ಬಿಡಬೇಕಾಗಬಹುದೇ? ಎಚ್ಚರವಿದ್ದಾಗಲೇ ಆಪರೇಷನ್ ಮಾಡುತ್ತೀರಾ? ಮಾತಿನ, ಕೈಕಾಲಿನ ಚಲನೆಯ ಭಾಗದ ಹತ್ತಿರ ಗಡ್ಡೆ ಇದ್ದರೆ ರೋಗಿಯನ್ನು ಮಾತಾಡಿಸುತ್ತಲೇ ಆಪರೇಷನ್ ಮಾಡುವುದುಂಟು. ಹಾಗೆ ಹೇಳಿದರೆ ಗಾಬರಿ ಬೇಡ, ಅದು ಮಾತನ್ನು ಉಳಿಸಿಕೊಳ್ಳಲು ಮಾಡುವ ವಿಧಾನ.

ಎರಡನೇ ಅಭಿಪ್ರಾಯ ಕೇಳಲು ಸಂಕೋಚಪಡಬೇಡಿ. ಒಳ್ಳೆಯ ಸರ್ಜನ್ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ರಾಜ್ಯದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಎಂಆರ್‌ಐ ಫಿಲ್ಮ್ ಮಾತ್ರ ಸಾಲದು, ಸಿ.ಡಿಯನ್ನೂ ಕೇಳಿ ಪಡೆದುಕೊಳ್ಳಿ.

2. ಕಾಗದ, ದುಡ್ಡು, ರಕ್ತ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತುಮಾಡಿದ ಚಿಕಿತ್ಸಾ ದರದ (ಪ್ಯಾಕೇಜ್) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲೇ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಪತ್ರದ ವಿಷಯ ವಿಚಾರಿಸಿ. ಅಡ್ಮಿಟ್ ಆದಮೇಲೆ ಅದಕ್ಕಾಗಿ ಓಡಾಡುವುದು ಬಹಳ ಕಷ್ಟ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ, ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಅವರಿಗಾಗಿ ಇರುವ ಆರೋಗ್ಯ ಯೋಜನೆ, ಕಾರ್ಖಾನೆ ಕೆಲಸವಾದರೆ ಇಎಸ್‌ಐ, ಇವನ್ನೂ ನೋಡಿ.

ರಕ್ತ ಕೊಡುವವರನ್ನು ಕರೆತರಲು ಹೇಳಿದರೆ ಆ ಕೆಲಸವನ್ನು ತಮ್ಮನಿಗೋ ಭಾವನಿಗೋ ಒಪ್ಪಿಸಿಬಿಡಿ. ‘ಏನಾದ್ರೂ ಬೇಕಾದ್ರೆ ಹೇಳಿ’ ಎನ್ನುವವರಿಗೆ ಹೀಗೆ ಗೊತ್ತಾದ ಕೆಲಸವನ್ನೇ ಕೊಡಬೇಕು.

ಬ್ಯಾಂಕ್, ಎಲ್‌ಐಸಿ, ಸಾಲದ ಕಂತು, ಕರೆಂಟ್ ಬಿಲ್, ಎಲ್ಲದರ ವಿವರವನ್ನೂ ಸಂಗಾತಿಯ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ನಮ್ಮವರಿಗೆ ಆಪರೇಷನ್ ಆದಮೇಲೆ ತಮ್ಮದೇ ಫೋನಿನ ಪ್ಯಾಟರ್ನ್ ನೆನಪಾಗಲಿಲ್ಲ. ಬೆರಳು ಪರದೆಯ ಮೇಲೆ ಅರ್ಧ ಓಡಿ ನಿಂತುಬಿಡುತ್ತಿತ್ತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರೇ ಬರೆಸಿದ್ದ ಚಿತ್ರ ಇದ್ದದ್ದಕ್ಕೆ ಫೋನ್ ತೆರೆಯಿತು.

3. ಆಪರೇಷನ್‌ಗೆ ಮುಂಚೆ

ತಿನ್ನುತ್ತಿರುವ ಪ್ರತಿ ಮಾತ್ರೆಯ ಹೆಸರನ್ನೂ ಹೇಳಿ. ಆಯುರ್ವೇದದ್ದು, ನಾಟಿ ಔಷಧ ಕೂಡ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಬೇಕು.

ಹೆಂಗಸರಾದರೆ ತಾಳಿ, ಮೂಗುಬಟ್ಟು, ಬಳೆ, ಕಾಲುಂಗುರ ಎಲ್ಲ ತೆಗೆಸುತ್ತಾರೆ. ವರ್ಷಗಟ್ಟಲೆ ಹಾಕಿಕೊಂಡಿದ್ದ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿರುತ್ತದೆ. ಥಿಯೇಟರ್ ಬಾಗಿಲಲ್ಲಿ ನರ್ಸ್ ಅವಸರದಲ್ಲಿ ಎಳೆಯುವಂತಾಗಬಾರದು. ಹಿಂದಿನ ದಿನವೇ ಸೋಪು ಹಚ್ಚಿ ನಿಧಾನವಾಗಿ ತೆಗೆದಿಡಿ. ತಾಳಿ ತೆಗೆಯಲು ಮನಸ್ಸು ಒಪ್ಪದ ಹೆಂಗಸರು ಬಹಳ. ಅದನ್ನು ಗಂಡನೇ ಕೈಯಾರೆ ಬಿಚ್ಚಿ, ತನ್ನ ಜೇಬಿನಲ್ಲಿಟ್ಟುಕೊಂಡು ‘ನನ್ನ ಹತ್ರ ಇದೆ’ ಎಂದರೆ ಎಷ್ಟೋ ಸಮಾಧಾನ.

ಆಪರೇಷನ್ ಇಷ್ಟೇ ಹೊತ್ತಿಗೆ ಮುಗಿಯುತ್ತದೆ ಎಂದುಕೊಂಡು ಕೂರಬೇಡಿ. ಅರಿವಳಿಕೆ ಕೊಡುವುದು, ತಲೆಯನ್ನು ಅಲುಗದಂತೆ ಹಿಡಿಸುವುದು, ಇದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ತಡವಾದ ಮಾತ್ರಕ್ಕೆ ಕೆಟ್ಟದ್ದೇನೋ ಆಗಿದೆ ಎಂದಲ್ಲ.

4. ಐಸಿಯು

ಒಳಗೆ ಹೋಗುವ ಮೊದಲು ಗೊತ್ತಿರಬೇಕಾದ್ದು: ತಲೆಗೆ ದಪ್ಪ ಬ್ಯಾಂಡೇಜು, ಗಾಯದ ಹತ್ತಿರ ಒಂದು ಕೊಳವೆ, ಮೂತ್ರದ ಚೀಲ, ಕೈಗೆ ಡ್ರಿಪ್. ಹಣೆಯ ಭಾಗದ ಆಪರೇಷನ್ ಆಗಿದ್ದರೆ ಎರಡು ಮೂರನೇ ದಿನ ಮುಖ ಊದಿ ಆ ಕಡೆಯ ಕಣ್ಣು ಮುಚ್ಚಿಕೊಂಡೇ ಹೋಗಬಹುದು. ಕೆಲವು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ.

ನರ್ಸ್ ಮತ್ತೆ ಮತ್ತೆ ಎಬ್ಬಿಸಿ ಹೆಸರು ಕೇಳುತ್ತಾರೆ, ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ‘ಕೈ ಒತ್ತಿ’ ಎನ್ನುತ್ತಾರೆ. ‘ಮಲಗಲು ಬಿಡಿ ಪಾಪ’ ಎಂದು ತಡೆಯಬೇಡಿ, ಒಳಗೆ ರಕ್ತಸ್ರಾವವೋ ಬಾವೋ ಆದರೆ ಬೇಗ ಗೊತ್ತಾಗುವುದು ಹೀಗೇ. ಭಾಷೆ ಗೊತ್ತಿಲ್ಲದ ನರ್ಸ್ ಆಗಿದ್ದರೆ ನಿಮ್ಮವರಿಗೆ ಕನ್ನಡ ಮಾತ್ರ ಬರುತ್ತದೆ ಎಂದು ತಿಳಿಸಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದ್ದು ಅರ್ಥವಾಗದೆ ಸುಮ್ಮನಿದ್ದರೆ ಪ್ರಜ್ಞೆ ಸರಿಯಿಲ್ಲ ಎಂದು ಬರೆದುಕೊಳ್ಳುವಂತಾಗಬಾರದು.

5. ಮನೆಯಲ್ಲಿ: ಮಾತ್ರೆ ತಪ್ಪಬಾರದು

ಡಿಸ್ಚಾರ್ಜ್ ಆಗುವಾಗ ಮುಖ್ಯವಾಗಿ ಎರಡು ಬಗೆಯ ಮಾತ್ರೆ ಕೊಡುವುದು ಸಾಮಾನ್ಯ. ಒಂದು ಡೆಕ್ಸಾಮೆಥಾಸೋನ್, ಮಿದುಳಿನ ಬಾವು ಇಳಿಸುವ ಸ್ಟೀರಾಯ್ಡ್. ಅದನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಕಡಿಮೆ ಮಾಡುತ್ತಾರೆ. ಗೋಡೆಗೆ ತೂಗುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಆ ದಿನದ ಮಾತ್ರೆಯ ಲೆಕ್ಕ ಬರೆದು, ಕೊಟ್ಟ ಕೂಡಲೇ ಗೀಟು ಎಳೆಯುತ್ತಿದ್ದೆ. ರಾತ್ರಿ ನಿದ್ದೆಗಣ್ಣಲ್ಲಿ ‘ಕೊಟ್ಟೆನೋ ಇಲ್ಲವೋ’ ಎಂಬ ಅನುಮಾನ ಬರಲೇ ಇಲ್ಲ. ಸ್ಟೀರಾಯ್ಡ್ ಇರುವಷ್ಟು ದಿನ ಹಸಿವು ಹೆಚ್ಚು, ನಿದ್ದೆ ಕಡಿಮೆ, ಸಿಟ್ಟು ಬೇಗ. ಸಕ್ಕರೆ ಕಾಯಿಲೆ ಇಲ್ಲದವರಿಗೂ ರಕ್ತದ ಸಕ್ಕರೆ ಏರಬಹುದು. ಆಗಾಗ ಪರೀಕ್ಷೆ ಮಾಡಿಸಿ.

ಇನ್ನೊಂದು ಫಿಟ್ಸ್ ತಡೆಯುವ ಮಾತ್ರೆ, ಹೆಚ್ಚಾಗಿ ಲೆವಿಟಿರಾಸೆಟಮ್. ಅದನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು, ಬಸ್ ಪ್ರಯಾಣದಲ್ಲೂ ಬ್ಯಾಗಿನಲ್ಲಿರಬೇಕು. ಕೆಲವರಿಗೆ ಈ ಮಾತ್ರೆಯಿಂದ ವಿಪರೀತ ಕಿರಿಕಿರಿ, ಮಂಕು ಬರುತ್ತದೆ. ಹಾಗೆ ಕಂಡರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆಗಳಿವೆ.

ಫಿಟ್ಸ್ ಬಂದರೆ: ಪಕ್ಕಕ್ಕೆ ವಾಲಿಸಿ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ಬೇಡ, ನೀರು ಬೇಡ. ಕೈಗೆ ಬೀಗದ ಕೈ, ಕಬ್ಬಿಣ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. 5 ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಒಂದರ ಹಿಂದೆ ಒಂದು ಬಂದರೆ 108ಕ್ಕೆ ಕರೆ ಮಾಡಿ. ಡಾಕ್ಟರು ಹೇಳುವವರೆಗೆ ಬೈಕ್ ಬೇಡ, ಏಣಿ ಬೇಡ, ಬಾವಿ ಕಟ್ಟೆ ಬೇಡ. ಬಚ್ಚಲುಮನೆಯ ಚಿಲಕ ಒಳಗಿನಿಂದ ಹಾಕಿಕೊಳ್ಳಬಾರದು.

ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದು ಯಾವಾಗ? ತಲೆನೋವು ದಿನೇದಿನೇ ಏರುತ್ತಿದ್ದರೆ, ಅದರ ಜೊತೆ ವಾಂತಿ ಇದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ. ಜ್ವರ ಬಂದು ಕತ್ತು ಬಿಗಿದರೆ. ಹೊಲಿಗೆಯಿಂದಲೋ ಮೂಗಿನಿಂದಲೋ ತಿಳಿನೀರು ತೊಟ್ಟಿಕ್ಕಿದರೆ. ಕೈಕಾಲಿಗೆ ಹೊಸದಾಗಿ ಬಲಹೀನತೆ ಬಂದರೆ. ಒಂದೇ ಕಾಲು ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ. ಮೂಗಿನ ಮೂಲಕ ಆಪರೇಷನ್ ಆದವರು ಮೂಗು ಸೀಟಬಾರದು. ಅವರಿಗೆ ವಿಪರೀತ ಬಾಯಾರಿಕೆಯಾಗಿ ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದ್ದರೆ ಅದನ್ನೂ ಕೂಡಲೇ ಹೇಳಬೇಕು.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ ಏನೂ ಹಚ್ಚಬೇಡಿ. ಹೊಲಿಗೆ ಇದೆ, ನಂಜಾಗುತ್ತೆ ಎಂದು ಬೇಳೆ, ಮೊಟ್ಟೆ, ಮೊಸರು ಬಿಡಿಸುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಗಾಯ ಕೂಡಲು ಪ್ರೋಟೀನು ಬೇಕೇಬೇಕು. ನಮ್ಮತ್ತೆಯ ಎದುರೇ ಡಾಕ್ಟರ ಬಾಯಲ್ಲಿ ಹೇಳಿಸಿದ ಮೇಲೆ ಮನೆಯಲ್ಲಿ ಈ ಚರ್ಚೆ ನಿಂತಿತು. ನೀವೂ ಹಾಗೇ ಮಾಡಿ. ಮಲ ಗಟ್ಟಿಯಾಗಿ ತಿಣುಕುವಂತಾಗಬಾರದು. ಸೊಪ್ಪು, ಹಣ್ಣು, ನೀರು ಚೆನ್ನಾಗಿರಲಿ.

6. ಬದಲಾದ ಮಾತು, ಬದಲಾದ ಸ್ವಭಾವ

ಗಾಯ ಒಣಗಿದ ಮೇಲೆ ನಂಟರು ‘ಇನ್ನೇನು, ಹುಷಾರಾದ್ರಲ್ಲ’ ಎಂದು ಹೊರಡುತ್ತಾರೆ. ಸಂಗಾತಿಯ ನಿಜವಾದ ಕೆಲಸ ಆಮೇಲೆ ಶುರು.

ನಮ್ಮವರಿಗೆ ತಟ್ಟೆ, ಲೋಟ, ಟವೆಲ್ಲು, ಯಾವುದರ ಹೆಸರೂ ಬೇಕೆಂದಾಗ ಬರುತ್ತಿರಲಿಲ್ಲ. ‘ಅದು... ಅದು ಕೊಡೇ’ ಎನ್ನುವರು. ಬಾಯಿಗೆ ಬರದ ಸಂಕಟ ಮುಖದಲ್ಲಿ ಕಾಣುತ್ತಿತ್ತು. ಸ್ಪೀಚ್ ಥೆರಪಿಸ್ಟ್ ಕಲಿಸಿಕೊಟ್ಟದ್ದು ಇಷ್ಟು: ಟಿ.ವಿ ಆರಿಸಿ, ಎದುರು ಕುಳಿತು, ಚಿಕ್ಕ ವಾಕ್ಯದಲ್ಲಿ ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಏನು ಬೇಕು?’ ಎನ್ನುವ ಬದಲು ‘ಕಾಫಿನಾ, ಹಾಲಾ?’ ಎನ್ನಿ. ಪದ ಹುಡುಕುತ್ತಿರುವಾಗ ಕಾಯಿರಿ, ನೀವೇ ಮುಗಿಸಿಬಿಡಬೇಡಿ. ಕೈಸನ್ನೆ ಮಾಡಿದರೂ ಸರಿ. ಪರೀಕ್ಷೆ ಮಾಡುವವರ ಹಾಗೆ ‘ಇದೇನು ಹೇಳಿ ನೋಡೋಣ’ ಎಂದು ಬಂದವರ ಮುಂದೆ ಕೇಳುವುದಂತೂ ಬೇಡವೇ ಬೇಡ. ತಿಂಗಳುಗಳು ಕಳೆದಂತೆ ಮಾತು ಮರಳುತ್ತಾ ಬಂತು. ಎಲ್ಲರಿಗೂ ಪೂರ್ತಿ ಮರಳುತ್ತದೆ ಎಂದು ಹೇಳಲಾಗದು, ಆದರೆ ಥೆರಪಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವರು ಏನೂ ಮಾಡದೆ ಗಂಟೆಗಟ್ಟಲೆ ಸುಮ್ಮನೆ ಕೂತಿರಬಹುದು. ಅದು ಸೋಮಾರಿತನವಲ್ಲ, ಕೆಲಸ ಶುರುಮಾಡಿಸುವ ಶಕ್ತಿಯೇ ಕುಂದಿರುತ್ತದೆ. ‘ಸ್ನಾನ ಮಾಡಿ’ ಎಂದರೆ ಏಳುವುದಿಲ್ಲ. ‘ಎದ್ದು ನಿಂತ್ಕೊಳ್ಳಿ. ಟವೆಲ್ ತಗೊಳ್ಳಿ. ಬನ್ನಿ’ ಎಂದರೆ ಏಳುತ್ತಾರೆ. ಇನ್ನು ಕೆಲವರಿಗೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ. ಜೀವಮಾನದಲ್ಲಿ ಗದರದವರು ಬಾಯಿಗೆ ಬಂದಂತೆ ಬೈಯಬಹುದು. ಆ ಹೊತ್ತಿನಲ್ಲಿ ವಾದಕ್ಕೆ ನಿಲ್ಲಬೇಡಿ, ಪಕ್ಕದ ಕೋಣೆಗೆ ಹೋಗಿ ಬನ್ನಿ. ಯಾವ ಹೊತ್ತಿನಲ್ಲಿ, ಯಾವ ಮಾತ್ರೆ ಕೊಟ್ಟ ಮೇಲೆ, ಎಷ್ಟು ಹೊತ್ತು ಎಂದು ಬರೆದಿಡಿ. ನಮ್ಮವರ ಸಿಟ್ಟು ಸಂಜೆಯೇ ಹೆಚ್ಚು ಎಂದು ನೋಟ್‌ಬುಕ್ ನೋಡಿದ ಡಾಕ್ಟರು ಸ್ಟೀರಾಯ್ಡ್ ಕೊಡುವ ಹೊತ್ತು ಬದಲಿಸಿದರು. ರಾತ್ರಿ ನಿದ್ದೆ ಬಂತು, ಸಿಟ್ಟೂ ತಗ್ಗಿತು.

ಹೊಡೆಯಲು ಬರುವಂತಾದರೆ ಮುಚ್ಚಿಡಬೇಡಿ, ಅಂದೇ ಡಾಕ್ಟರಿಗೆ ಹೇಳಿ. ಗಂಡನ ಮರ್ಯಾದೆ, ಮನೆಯ ಮರ್ಯಾದೆ ಎಂದು ನುಂಗಿಕೊಳ್ಳುವ ವಿಷಯ ಇದಲ್ಲ. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ: ಅಪ್ಪನ ತಲೆಯಲ್ಲಿ ಗಾಯ ಇದೆ, ಅದಕ್ಕೆ ಹೀಗಾಡುತ್ತಾರೆ, ನೀನು ಮಾಡಿದ ತಪ್ಪೇನೂ ಇಲ್ಲ.

7. ಬಯಾಪ್ಸಿ, ಆಮೇಲಿನ ಚಿಕಿತ್ಸೆ

ವರದಿಗೆ ಒಂದೆರಡು ವಾರ ಕಾಯಬೇಕಾಗಬಹುದು. ಜೀನ್ ಪರೀಕ್ಷೆಗಳಿದ್ದರೆ ಇನ್ನೂ ಹೆಚ್ಚು. ಗ್ಲಯೋಬ್ಲಾಸ್ಟೋಮ ಆಗಿದ್ದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ. ಮುಖಕ್ಕೆ ಅಚ್ಚಿನ ಮುಖವಾಡ ಹಾಕಿ ರೇಡಿಯೇಷನ್ ಕೊಡುತ್ತಾರೆ, ನೋವಾಗುವುದಿಲ್ಲ. ಸುಸ್ತು ಮಾತ್ರ ದಿನ ಕಳೆದಂತೆ ಏರುತ್ತದೆ. ಊರಿಂದ ದಿನಾ ಓಡಾಡುವುದು ಆಗದ ಮಾತು. ಆಸ್ಪತ್ರೆಯ ಧರ್ಮಶಾಲೆಯನ್ನೋ ಹತ್ತಿರದ ಕೋಣೆಯನ್ನೋ ಮೊದಲೇ ಗೊತ್ತುಮಾಡಿ.

ಕಾಯಿಲೆ ವಾಸಿಯಾಗದ್ದು ಎಂದು ಹೇಳಿದರೆ, ಸಂಗಾತಿ ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟನ್ನು ಅವರಿಂದ ಮುಚ್ಚಿಡಬೇಡಿ. ಅವರಿಗೂ ಹೇಳುವುದು, ಮಾಡುವುದು ಇರುತ್ತದೆ. ನೋವು ತಗ್ಗಿಸುವ ಉಪಶಮನ ಆರೈಕೆಯ ಬಗ್ಗೆ ಬೇಗನೆ ವಿಚಾರಿಸಿ. ಬೆಂಗಳೂರಿನ ಕರುಣಾಶ್ರಯ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ.

8. ನಿಮ್ಮ ನಿದ್ದೆ, ನಿಮ್ಮ ಊಟ

ವಾರದಲ್ಲಿ ಕೆಲವು ರಾತ್ರಿಯಾದರೂ ಬೇರೆಯವರು ರೋಗಿಯ ಕೋಣೆಯಲ್ಲಿ ಮಲಗಲಿ. ಮಾತ್ರೆಯ ಲೆಕ್ಕ, ಫಿಟ್ಸ್ ಬಂದರೆ ಏನು ಮಾಡಬೇಕು ಎಂಬುದನ್ನು ಅವರಿಗೆ ಕಲಿಸಿಕೊಡಿ. ನೋಡಲು ಬರುವವರಿಗೆ ಸಂಜೆ ಇಂಥ ಹೊತ್ತು ಎಂದು ಗೊತ್ತುಮಾಡಿ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಮನಸ್ಸು ಕುಸಿದು ಹೋದಂತಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸಹಾಯವಾಣಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಗಂಡ ಹೆಂಡತಿಯ ಸಂಬಂಧ ಮತ್ತೆ ಯಾವಾಗ ಎಂಬ ಪ್ರಶ್ನೆಯನ್ನೂ ನಾಚಿಕೆಯಿಲ್ಲದೆ ಡಾಕ್ಟರಿಗೆ ಕೇಳಿ. ಅವರ ಕಿವಿಗೆ ದಿನಾ ಬೀಳುವ ಪ್ರಶ್ನೆ ಅದು.

ಮರುಪರೀಕ್ಷೆಯ ಎಂಆರ್‌ಐ ಹತ್ತಿರ ಬಂದಾಗ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಸ್ಕ್ಯಾನ್ ಆದ ದಿನವೇ ಅಥವಾ ಮರುದಿನವೇ ಡಾಕ್ಟರ ಭೇಟಿ ಸಿಗುವಂತೆ ಮೊದಲೇ ಹೆಸರು ಬರೆಸಿ. ವರದಿಯನ್ನು ಮನೆಯಲ್ಲಿ ಬಿಚ್ಚಿ ಪದ ಪದವನ್ನೂ ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ. ಹಳೆಯ ಸಿ.ಡಿ, ಹೊಸ ಸಿ.ಡಿ, ನೋಟ್‌ಬುಕ್ ಮೂರನ್ನೂ ಒಂದೇ ಚೀಲದಲ್ಲಿಟ್ಟು ಕೊಂಡೊಯ್ಯಿರಿ, ಎರಡು ಸ್ಕ್ಯಾನನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಎಂದು ಕೇಳಿ.