ಟ್ರೇಲರ್ ಬ್ರೇಕ್ ವೈರಿಂಗ್: ಕಂಟ್ರೋಲರ್ ಬದಲಿಸುವ ಮೊದಲು ಕರೆಂಟ್ ಅಳೆಯಿರಿ

ಟ್ರೇಲರ್ ಬ್ರೇಕ್ ಹಿಡಿಯುತ್ತಿಲ್ಲ ಅಂದ ಕೂಡಲೇ ಎಲ್ಲರಿಗೂ ಮೊದಲು ಅನುಮಾನ ಬರುವುದು ಡ್ಯಾಶ್‌ಬೋರ್ಡ್ ಕೆಳಗಿನ ಕಂಟ್ರೋಲರ್, ಅಂದರೆ ಟ್ರೇಲರ್ ಬ್ರೇಕಿಗೆ ಕರೆಂಟ್ ಕಳಿಸುವ ಪೆಟ್ಟಿಗೆಯ ಮೇಲೆ. ಕಣ್ಣೆದುರು ಇರುವುದು ಅದೊಂದೇ ಅಲ್ವಾ? ಹೊಸದು ತಂದು ಹಾಕುತ್ತಾರೆ, ಸ್ವಲ್ಪ ದಿನ ಸರಿ ಅನಿಸುತ್ತದೆ, ಆಮೇಲೆ ಮತ್ತೆ ಅದೇ ಗೋಳು. ನಾನು ಕಂಡಂತೆ ಕಾಯಿಲೆ ಇರುವುದು ಹೆಚ್ಚಾಗಿ ಟ್ರೇಲರ್ ಅಡಿಯಲ್ಲಿ, ಯಾರೂ ಬಗ್ಗಿ ನೋಡದ ಜಾಯಿಂಟ್‌ಗಳಲ್ಲಿ.

ನಾವಿರುವುದು ಅಮೆರಿಕದ ಡೆನ್ವರ್ ಹತ್ತಿರ. ನಮ್ಮದು ಎರಡು ಆಕ್ಸಲ್‌ನ ಕ್ಯಾಂಪಿಂಗ್ ಟ್ರೇಲರ್, ಎಳೆಯಲು ಒಂದು ಪಿಕಪ್. ಬೆಟ್ಟದ ಕಡೆಯಿಂದ ಮನೆಗೆ ಬರಬೇಕಾದರೆ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಬೇಕು. ಅದಿರುವುದೇ 11,000 ಅಡಿ ಮೇಲೆ. ಅಲ್ಲಿಂದ ಊರಿಗೆ ಉದ್ದದ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಈ ಹೆದ್ದಾರಿ ಪಕ್ಕ ಅಲ್ಲಲ್ಲಿ ಬೇರೆ ದಾರಿಯನ್ನೇ ಮಾಡಿಟ್ಟಿದ್ದಾರೆ. ನಾನು ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸೈಕಲ್ ತುಳಿದು ಬೆಳೆದವನು. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರುತ್ತದೆ ಅನ್ನುವುದನ್ನೇ ನಾನು ಅಲ್ಲಿ ಕೇಳಿರಲಿಲ್ಲ. ಇಲ್ಲಿ ಹಲವು ರಾಜ್ಯಗಳಲ್ಲಿ ಟ್ರೇಲರ್ ತೂಕ 3,000 ಪೌಂಡ್ ದಾಟಿದರೆ ಬ್ರೇಕ್ ಕಡ್ಡಾಯ.

ಈ ಬ್ರೇಕ್ ಕೆಲಸ ಮಾಡುವ ರೀತಿ ಸರಳ. ಪ್ರತಿ ಚಕ್ರದ ಡ್ರಮ್ ಒಳಗೆ ಒಂದು ವಿದ್ಯುತ್ ಮ್ಯಾಗ್ನೆಟ್. ನಾವು ಪೆಡಲ್ ಒತ್ತಿದಾಗ ಕಂಟ್ರೋಲರ್ ನೀಲಿ ವೈರಿನಲ್ಲಿ ಕರೆಂಟ್ ಕಳಿಸುತ್ತದೆ. ಮ್ಯಾಗ್ನೆಟ್ ತಿರುಗುವ ಡ್ರಮ್‌ಗೆ ಅಂಟಿಕೊಂಡು ಅದರ ಜೊತೆ ಸ್ವಲ್ಪ ಸರಿಯುತ್ತದೆ. ಆ ಎಳೆತಕ್ಕೆ ಒಂದು ಲಿವರ್ ಬ್ರೇಕ್ ಶೂಗಳನ್ನು ಹೊರಗೆ ತಳ್ಳುತ್ತದೆ. ವಾಪಸ್ ಬರುವ ದಾರಿ ಬಿಳಿ ವೈರು, ಅಂದರೆ ಗ್ರೌಂಡ್. ಇಷ್ಟೇ. 10 ಅಥವಾ 12 ಇಂಚಿನ ಡ್ರಮ್‌ನ ಮ್ಯಾಗ್ನೆಟ್‌ಗೆ ಸುಮಾರು 3.2 ಓಮ್ ಇರುತ್ತದೆ, ಪೂರ್ತಿ ಒತ್ತಿದಾಗ 3 ಆಂಪಿಯರ್ ಆಸುಪಾಸು ಎಳೆಯುತ್ತದೆ. ಒಂದು ಆಕ್ಸಲ್‌ಗೆ 6, ಎರಡಕ್ಕೂ ಸೇರಿ 12. ಈ 6 ಮತ್ತು 12 ತಲೆಯಲ್ಲಿ ಇದ್ದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಟ್ರೇಲರ್‌ನದು ಎರಡು ದೂರು. ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ದಬ್ಬುತ್ತಿತ್ತು. ಗೇನ್ (ಕಂಟ್ರೋಲರ್ ಎಷ್ಟು ಜೋರಾಗಿ ಬ್ರೇಕ್ ಹಾಕಬೇಕು ಅನ್ನುವ ಸೆಟ್ಟಿಂಗ್) ಏರಿಸಿದರೆ ಜಲ್ಲಿ ರಸ್ತೆಯಲ್ಲಿ ಮುಂದಿನ ಆಕ್ಸಲ್‌ನ ಚಕ್ರಗಳು ಲಾಕ್ ಆಗಿ ಎಳೆದುಕೊಂಡು ಹೋಗುತ್ತಿದ್ದವು, ಹಿಂದಿನವು ಆರಾಮಾಗಿ ಉರುಳುತ್ತಿದ್ದವು. ಎರಡನೆಯದು, ಹಳ್ಳಕ್ಕೆ ಇಳಿದಾಗ ಕಂಟ್ರೋಲರ್ ಒಂದು ಕ್ಷಣ ಶಾರ್ಟ್ ಸರ್ಕ್ಯೂಟ್ ಅಂತ ತೋರಿಸಿ ಮತ್ತೆ ಸುಮ್ಮನಾಗುತ್ತಿತ್ತು. ತೋರಿಸಿದ ವರ್ಕ್‌ಶಾಪಿನವರು ನೀಲಿ ವೈರಿಗೆ ಟೆಸ್ಟ್ ಲೈಟ್ ಹಿಡಿದು, ದೀಪ ಹತ್ತಿತು, ವೈರಿಂಗ್ ಸರಿ ಇದೆ, ಕಂಟ್ರೋಲರ್ ಹೋಗಿದೆ ಅಂದರು. ಕಂಟ್ರೋಲರ್ ಹೋಗಿದ್ದರೆ ಮುಂದಿನ ಚಕ್ರ ಲಾಕ್ ಆಗುವುದಾದರೂ ಹೇಗೆ? ನಾನು ಟ್ರೇಲರ್ ಮನೆಗೆ ತಂದೆ.

ಟೆಸ್ಟ್ ಲೈಟ್ ಹತ್ತಿತು ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಚ್ಚಿದ ನಲ್ಲಿಯ ಹಿಂದೆ ಒತ್ತಡ ಯಾವಾಗಲೂ ಪೂರ್ತಿ ಇರುತ್ತದೆ, ಪೈಪಿನಲ್ಲಿ ಕಸ ಕಟ್ಟಿದೆ ಅಂತ ಗೊತ್ತಾಗುವುದು ತಿರುಗಿಸಿದ ಮೇಲೆ. ವೈರೂ ಹಾಗೆ. ತುಕ್ಕು ತಿಂದ ಜಾಯಿಂಟಿನಲ್ಲಿ ಒಂದೆರಡು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಸಣ್ಣ ದೀಪವೂ ಉರಿಯುತ್ತದೆ. ಆಂಪಿಯರ್‌ಗಟ್ಟಲೆ ಎಳೆಯುವ ಮ್ಯಾಗ್ನೆಟ್‌ಗೆ ಅದು ಸಾಲುವುದಿಲ್ಲ. ಲೋಡ್ ಹಾಕದೆ, ಅಂದರೆ ಕರೆಂಟ್ ಎಳೆಸದೆ, ಅಳೆದ ವೋಲ್ಟೇಜನ್ನು ನಾನು ನಂಬುವುದೇ ಇಲ್ಲ.

ಮೊದಲು ಮಾಡಿದ್ದು ಪಿಕಪ್ ಅನ್ನು ಆಟದಿಂದ ಹೊರಗಿಟ್ಟಿದ್ದು. ಚಕ್ರಗಳಿಗೆ ಅಡ್ಡ ಕೊಟ್ಟು, ಟ್ರೇಲರ್ ವೈರಿಂಗನ್ನು ಪಿಕಪ್‌ಗೆ ಸೇರಿಸುವ ಏಳು ಪಿನ್ನಿನ ಪ್ಲಗ್ ಕಿತ್ತೆ. ಟ್ರೇಲರ್ ಮೂಗಿನ ಹತ್ತಿರ ಬ್ರೇಕ್‌ಅವೇ ಸ್ವಿಚ್ ಇರುತ್ತದೆ. ಟ್ರೇಲರ್ ಓಡುತ್ತಾ ಕಳಚಿಕೊಂಡರೆ ಅದರ ಪಿನ್ ಕಿತ್ತು ಬಂದು, ಟ್ರೇಲರಿನ ಸ್ವಂತ ಬ್ಯಾಟರಿಯಿಂದ ಎಲ್ಲ ಮ್ಯಾಗ್ನೆಟ್‌ಗೂ ಪೂರ್ತಿ ಕರೆಂಟ್ ಹೋಗುತ್ತದೆ. ಆ ಪಿನ್ನನ್ನು ನಾವೇ ಎಳೆದರೆ ಪುಕ್ಕಟೆ ಪರೀಕ್ಷೆ. ಆಗ ಚಕ್ರ ಗಟ್ಟಿಯಾಗಿ ಹಿಡಿದರೆ ತೊಂದರೆ ಪಿಕಪ್‌ನಲ್ಲಿ ಅಥವಾ ಪ್ಲಗ್‌ನಲ್ಲಿ. ಹಿಡಿಯದಿದ್ದರೆ ಟ್ರೇಲರ್‌ನಲ್ಲಿ. ಆದರೆ ಪ್ಲಗ್ ಸಿಕ್ಕಿಸಿಕೊಂಡೇ ಪಿನ್ ಎಳೆಯಬೇಡಿ, ಕರೆಂಟ್ ತಿರುಗಿ ಕಂಟ್ರೋಲರ್ ಒಳಗೆ ನುಗ್ಗಬಹುದು. ಪಿನ್ ಜಾಸ್ತಿ ಹೊತ್ತು ಹೊರಗಿರುವುದೂ ಒಳ್ಳೆಯದಲ್ಲ, ಮ್ಯಾಗ್ನೆಟ್‌ಗಳು ಬಿಸಿಯಾಗುತ್ತವೆ, ಬ್ಯಾಟರಿ ಖಾಲಿಯಾಗುತ್ತದೆ.

ಇನ್ನು ಮೀಟರ್. ಸಾಮಾನ್ಯ ಮಲ್ಟಿಮೀಟರಿನ ಆಂಪಿಯರ್ ಫ್ಯೂಸ್ 10ರದ್ದು. 12 ಆಂಪಿಯರ್ ಎಳೆಯುವ ವೈರಿಗೆ ಅದನ್ನು ಸಿಕ್ಕಿಸಿದರೆ ಫ್ಯೂಸ್ ಹಾರಬಹುದು, ಆಮೇಲೆ ಮೀಟರ್ ಸೊನ್ನೆ ತೋರಿಸುತ್ತದೆ, ನಾವು ವೈರ್ ತುಂಡಾಗಿದೆ ಅಂದುಕೊಂಡು ಅರ್ಧ ದಿನ ಹುಡುಕುತ್ತೇವೆ. ವೈರಿನ ಸುತ್ತ ಬಾಯಿ ಹಾಕುವ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಕೊಳ್ಳುವಾಗ ಡಿಸಿ ಆಂಪಿಯರ್ ಅಳೆಯುತ್ತದಾ ಅಂತ ನೋಡಿಕೊಳ್ಳಿ, ಅಗ್ಗದ ಹಲವು ಕ್ಲ್ಯಾಂಪ್‌ಗಳು ಎಸಿ ಮಾತ್ರ ಅಳೆಯುತ್ತವೆ.

ನಾನು ಅಡಿಯಲ್ಲಿ ಮಲಗಿದೆ. ಹೆಂಡತಿ ಪಿನ್ ಹತ್ತಿರ ನಿಂತಳು.

"ರೀ, ಎಳೆದೆ. ಎಷ್ಟು ತೋರಿಸ್ತಿದೆ?"

"ಮುಂದಿಂದು 6. ಹಾಗೇ ಇರಲಿ, ಹಿಂದಿಂದು ನೋಡ್ತೀನಿ."

ಹಿಂದಿನದು 1 ದಾಟಿ ಸ್ವಲ್ಪ, ಅಷ್ಟೆ. ಮಗನ ಸ್ಕೌಟ್ ದಿಕ್ಸೂಚಿಯನ್ನೂ ಡ್ರಮ್ ಹಿಂದೆ ಹಿಡಿದು ನೋಡಿದೆ. ಪಿನ್ ಎಳೆದಾಗ ಮುಂದಿನ ಚಕ್ರದಲ್ಲಿ ಮುಳ್ಳು ಗಿರಕಿ ಹೊಡೆಯಿತು, ಹಿಂದಿನದರಲ್ಲಿ ನಡುಗಿತು ಅಷ್ಟೆ. ಮೀಟರ್ ಇಲ್ಲದಾಗ, ರಸ್ತೆ ಬದಿಯಲ್ಲಿ, ಈ ದಿಕ್ಸೂಚಿ ತುಂಬಾ ಉಪಯೋಗಕ್ಕೆ ಬರುತ್ತದೆ. ಸತ್ತ ಮ್ಯಾಗ್ನೆಟ್ ಯಾವುದು ಅಂತ ಚಕ್ರ ಬಿಚ್ಚದೆ ಹೇಳಬಹುದು.

ಮುಂದಿನ ಪ್ರಶ್ನೆ, ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ? ನೀಲಿ ಕಡೆಯಲ್ಲೋ ಬಿಳಿ ಕಡೆಯಲ್ಲೋ? ಪಿನ್ ಎಳೆದು ಲೋಡ್ ಇರುವಾಗಲೇ ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಹಿಂದಿನ ಮ್ಯಾಗ್ನೆಟ್‌ನ ನೀಲಿ ವೈರಿಗೆ ಇಟ್ಟೆ. ಅರ್ಧ ವೋಲ್ಟ್ ಕೂಡ ಇಲ್ಲ. ಈ ಕಡೆ ಪರವಾಗಿಲ್ಲ. ಆಮೇಲೆ ಬ್ಯಾಟರಿಯ ನೆಗೆಟಿವ್‌ನಿಂದ ಅದೇ ಮ್ಯಾಗ್ನೆಟ್‌ನ ಬಿಳಿ ವೈರಿಗೆ. 9 ವೋಲ್ಟ್ ದಾಟಿತು! ಸರಿಯಾದ ಗ್ರೌಂಡ್‌ನಲ್ಲಿ ಇದು ಸೊನ್ನೆಯ ಹತ್ತಿರ ಇರಬೇಕು. ಬಿಳಿ ವೈರನ್ನು ಹಿಡಿದುಕೊಂಡು ಒಂದೊಂದೇ ಜಾಯಿಂಟ್ ಮೇಲೆ ಹೋದೆ. ಎರಡು ಆಕ್ಸಲ್‌ಗಳ ನಡುವೆ, ಕಾರ್ಖಾನೆಯಲ್ಲಿ ಹಾಕಿದ ನೀಲಿ ಪ್ಲಾಸ್ಟಿಕ್ ಚಿಮಟ. ವೈರಿನ ತೊಗಟೆ ಚುಚ್ಚಿ ಹಿಡಿಯುತ್ತದಲ್ಲ, ಅದು. ಅದರ ಒಂದು ಕಡೆ 9 ವೋಲ್ಟ್, ಇನ್ನೊಂದು ಕಡೆ ಏನೂ ಇಲ್ಲ. ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸುರಿಯುತ್ತಾರೆ. ಅದು ಒಣಗಿದಂತೆ ಕಂಡರೂ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಈ ಚಿಮಟಗಳನ್ನು ಕಾರಿನ ಒಳಗೆ ಬೇಕಾದರೆ ಹಾಕಿ. ಟ್ರೇಲರ್ ಅಡಿಯಲ್ಲಿ, ಅದೂ ಬ್ರೇಕ್‌ಗೆ ಹಾಕುವವರನ್ನು ಏನೆನ್ನಬೇಕೋ.

ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಹೋಗಿ, ಬಿಸಿ ಮಾಡಿದರೆ ಅಂಟು ಕರಗಿ ಮುಚ್ಚಿಕೊಳ್ಳುವ ಕ್ರಿಂಪ್ ಕನೆಕ್ಟರ್ ಹಾಕಿದೆ. ಹಿಂದಿನ ಆಕ್ಸಲ್ ತಕ್ಷಣ 6ಕ್ಕೆ ಬಂತು.

ಶಾರ್ಟ್ ಇನ್ನೂ ಬಾಕಿ. ನಿಂತಲ್ಲಿ ಸಿಗದ ಶಾರ್ಟ್ ಹುಡುಕುವುದೇ ಒಂದು ತಲೆನೋವು. ಆದರೆ ಇಂಥದ್ದಕ್ಕೆ ಒಂದು ಹಳೇ ಗುಟ್ಟಿನ ಜಾಗ ಇದೆ. ಹಲವು ಟ್ರೇಲರ್‌ಗಳಲ್ಲಿ ಎಡ ಚಕ್ರದಿಂದ ಬಲ ಚಕ್ರಕ್ಕೆ ಹೋಗುವ ವೈರನ್ನು ಟೊಳ್ಳು ಆಕ್ಸಲ್ ಒಳಗೇ ತೂರಿಸಿರುತ್ತಾರೆ. ನೋಡಲು ಚೆಂದ, ಕಲ್ಲು ಬಡಿಯುವುದಿಲ್ಲ. ಆದರೆ ಒಳಗೆ ಅದನ್ನು ಹಿಡಿದುಕೊಳ್ಳಲು ಏನೂ ಇಲ್ಲ, ಓಡುವಷ್ಟು ಹೊತ್ತೂ ಕಬ್ಬಿಣಕ್ಕೆ ಉಜ್ಜುತ್ತಲೇ ಇರುತ್ತದೆ. ಎರಡೂ ತುದಿಯಲ್ಲಿ ವೈರ್ ಬಿಡಿಸಿ, ನೀಲಿಗೂ ಆಕ್ಸಲ್ ಲೋಹಕ್ಕೂ ನಡುವೆ ಓಮ್ ಅಳೆದೆ. ಸುಮ್ನೆ ಬಿಟ್ಟರೆ ಮೀಟರ್ ಏನೂ ಸಂಪರ್ಕ ಇಲ್ಲ ಅನ್ನುತ್ತದೆ. ವೈರ್ ಹಿಡಿದು ಹಿಂದೆ ಮುಂದೆ ಆಡಿಸಿದರೆ ಅಂಕೆಗಳು ಕುಣಿಯುತ್ತವೆ. ಎಳೆದು ಹೊರಗೆ ತೆಗೆದೆ. ಆಕ್ಸಲ್‌ನ ತೂತಿನ ಅಂಚಿಗೆ ತಾಗುವ ಜಾಗದಲ್ಲಿ, ಉಗುರಿನಷ್ಟು ಉದ್ದ, ತೊಗಟೆ ಒಂದು ಮಗ್ಗುಲಿಗೆ ಮಾತ್ರ ಸವೆದು ಎಳೆಗಳು ಪಾಲಿಶ್ ಹಾಕಿದಂತೆ ಮಿನುಗುತ್ತಿದ್ದವು.

ಅದೇ ತೂತಿಗೆ ಹೊಸ ವೈರ್ ತೂರಿಸುವವರಿದ್ದಾರೆ, ನಾನು ಹಾಗೆ ಮಾಡಲಿಲ್ಲ. 12 ಗೇಜ್‌ನ, ಮೇಲೆ ದಪ್ಪ ಹೊದಿಕೆ ಇರುವ ಜೋಡಿ ವೈರ್ ತಂದು ಆಕ್ಸಲ್‌ನ ಹಿಂಬದಿಗೆ ಹೊರಗಡೆಯಿಂದಲೇ ಕಟ್ಟಿದೆ. ಚೌಕಟ್ಟಿನಿಂದ ಆಕ್ಸಲ್‌ಗೆ ಇಳಿಯುವ ಕಡೆ ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಆಡಿದಾಗ ಜಾಯಿಂಟ್ ಕಿತ್ತು ಬರುತ್ತದೆ. ಮುಂದಿನ ಆಕ್ಸಲ್‌ನಲ್ಲಿ ಇನ್ನೂ ತೊಂದರೆ ಕಂಡಿರಲಿಲ್ಲ, ಆದರೂ ಅಲ್ಲೂ ಹೀಗೇ ಮಾಡಿದೆ. ಗ್ರೌಂಡ್‌ಗೆ ಚೌಕಟ್ಟಿನ ಕಬ್ಬಿಣವನ್ನು ನೆಚ್ಚದೆ ಬಿಳಿ ವೈರನ್ನೇ ಪ್ಲಗ್ ತನಕ ಎಳೆದೆ. ಮ್ಯಾಗ್ನೆಟ್‌ನ ಎರಡು ವೈರಿಗೆ ಪ್ಲಸ್ ಮೈನಸ್ ಭೇದ ಇಲ್ಲ, ಯಾವುದನ್ನು ಯಾವುದಕ್ಕೆ ಸೇರಿಸಿದರೂ ನಡೆಯುತ್ತದೆ. ಬಿಡಿಸಿದ್ದಾಗಲೇ ಪ್ರತಿಯೊಂದರ ಓಮ್ ಅಳೆದು, ವೈರಿನಿಂದ ಮ್ಯಾಗ್ನೆಟ್ ಕವಚಕ್ಕೆ ಸಂಪರ್ಕ ಇಲ್ಲ ಅಂತಲೂ ನೋಡಿಕೊಂಡೆ. ಸಂಪರ್ಕ ಇದ್ದರೆ ಆ ಮ್ಯಾಗ್ನೆಟ್ ಬದಲಿಸಬೇಕು.

ಬಣ್ಣದ ಬಗ್ಗೆ ಒಂದು ಮಾತು. ನೀಲಿ ಬ್ರೇಕ್, ಬಿಳಿ ಗ್ರೌಂಡ್ ಅನ್ನುವುದು ಸಾಮಾನ್ಯವಾಗಿ ಎಲ್ಲ ಕಡೆ ನಿಜ. ಉಳಿದವು ಹಾಗಲ್ಲ. ಸಾಮಾನು ಸಾಗಿಸುವ ಟ್ರೇಲರ್‌ಗಳಲ್ಲಿ ಕಂದು ಅಂದರೆ ಹಿಂದಿನ ದೀಪ, ಕ್ಯಾಂಪಿಂಗ್ ಟ್ರೇಲರ್‌ಗಳಲ್ಲಿ ಅದೇ ಕಂದು ಬಲಗಡೆ ತಿರುವಿನ ದೀಪ ಆಗಿರುತ್ತದೆ. ಪ್ಲಗ್ ಬದಲಿಸುವಾಗ ಬಣ್ಣ ನೋಡಿ ಜೋಡಿಸದೆ ಮೀಟರ್ ಹಿಡಿದು ಜೋಡಿಸಿ.

ಕೊನೆಗೆ ಪಿಕಪ್‌ಗೆ ಸಿಕ್ಕಿಸಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಕಂಟ್ರೋಲರಿನ ಕೈ ಲಿವರ್ ಒಂದನ್ನೇ ಒತ್ತಿದೆ. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದವು. ಮೊದಲು 9ರ ಹತ್ತಿರ ಇಡುತ್ತಿದ್ದ ಗೇನ್ ಈಗ 6ಕ್ಕೇ ಸಾಕಾಯಿತು, ಅದೂ ಹಳೇ ಕಂಟ್ರೋಲರ್‌ನಲ್ಲೇ. ನೀರಿನ ಟ್ಯಾಂಕ್ ತುಂಬಿಸಿ ಹೊರಟ ದಿನ ಮಾತ್ರ ಒಂದು ಚೂರು ಏರಿಸುತ್ತೇನೆ.